ಶೆಲ್ ದಾಳಿ ನಿಂತ ಮೇಲೆ ಮಕ್ಕಳ ಅಳಲು ಕೇಳುವವರಾರು?

(ಹೆತ್ತವರ ಮತ್ತು ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣ)



2025ರ ಮೇ 7ರಂದು ಜಮ್ಮು ವಿಭಾಗದ ಗಡಿ ಪಟ್ಟಣ ಪೂಂಛ್‌ನ ಮೇಲೆ ಪಾಕಿಸ್ತಾನದ ಫಿರಂಗಿಗಳು ಶೆಲ್‌ಗಳ ಮಳೆಗರೆದುವು. ಮುಸ್ಲಿಮರು, ಸಿಖ್ಖರು, ಹಿಂದೂಗಳು ಸತ್ತರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಮದ್ರಸವೊಂದರ ಅಧ್ಯಾಪಕರೊಬ್ಬರೂ ಬಲಿಯಾದರು. ಕೆಲವು ಟಿ.ವಿ. ವಾಹಿನಿಗಳು ಅವರನ್ನೇ ಭಯೋತ್ಪಾದಕನೆಂದು ಸಾರಿದುವು! ಕೊನೆಗೆ ಪೊಲೀಸರೇ ಅದನ್ನು ಅಲ್ಲಗಳೆಯಬೇಕಾಯಿತು. ಮೇ 10ರಂದು ಕದನ ವಿರಾಮ ಘೋಷಣೆಯಾಯಿತು. ಆದರೆ ಅಂತಹ ಗುರುವಿನ ಬಳಿ ಕಲಿತ ಹದಿಹರೆಯದ ಹುಡುಗನ ಮನಸ್ಸಿನಲ್ಲಿ ಯಾವ ವಿರಾಮ ಘೋಷಣೆಯಾಗಬೇಕು? ಗುರುವನ್ನು ಕಳಕೊಂಡ ದುಃಖ ಒಂದೆಡೆ, ಆತನಿಗಾದ ಅವಮಾನ ಇನ್ನೊಂದೆಡೆ.

ತನಗೆ ಖಿನ್ನತೆಯಿದೆಯೆಂದು ಯಾವ ಹುಡುಗನೂ ಹೇಳುವುದಿಲ್ಲ. ಬಾಗಿಲು ಬಡಿದರೆ ಬೆಚ್ಚುತ್ತಾನೆ, ಸಿಡುಕುತ್ತಾನೆ, ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾನೆ. ಮನೆಯವರು ಇದನ್ನು ಗುರುತಿಸುವುದು ಕಷ್ಟ. ಅವರೂ ಅದೇ ಭೀತಿಯಲ್ಲಿ ಬದುಕಿದವರು. ನೆರೆಯ ಕಾಶ್ಮೀರ ಕಣಿವೆಯಲ್ಲಿ 2015ರಲ್ಲಿ ನಡೆದ ಸಮೀಕ್ಷೆಯು ವಯಸ್ಕರಲ್ಲಿ ಶೇ. 45 ಮಂದಿಯಲ್ಲಿ ತೀವ್ರ ಮನೋವ್ಯಥೆಯ ಲಕ್ಷಣಗಳನ್ನು ಕಂಡಿತ್ತು. ದಿನವೂ ನೋಡುವ ಅಧ್ಯಾಪಕನ ಕಣ್ಣಿಗೆ ಮಗುವಿನ ಬದಲಾವಣೆ ಬೇಗ ಬೀಳುತ್ತದೆ. (ಆ ಅಧ್ಯಾಪಕನೂ ಅದೇ ಶೆಲ್ಲುಗಳ ಕೆಳಗೆ ರಾತ್ರಿ ಕಳೆದವನು ಎಂಬುದು ಬೇರೆ ಮಾತು.)

2025ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದಿತು. ಸ್ವಾಗತಾರ್ಹ. ಆದರೆ ಮೂವತ್ತು ಮಕ್ಕಳ ಗುಡ್ಡಗಾಡಿನ ಶಾಲೆ? ಅದು ಹೊರಗಿನ ತಜ್ಞರ ಸಂಪರ್ಕ ಇಟ್ಟುಕೊಳ್ಳಬೇಕಂತೆ. ಗಡಿಯಲ್ಲಿ ಮಕ್ಕಳ ಸಂಖ್ಯೆಗಿಂತ ಫಿರಂಗಿಗಿರುವ ದೂರವನ್ನೇ ಅಳತೆಗೋಲಾಗಿಸಬೇಕೆಂದು ನನ್ನ ಅಭಿಪ್ರಾಯ.

ಗಡಿ ದೂರವಿದ್ದರೂ ಆ ಟಿ.ವಿ. ನಮ್ಮ ಮನೆಯಲ್ಲೂ ಇದೆ. ಅದು ನಮ್ಮ ಸಮುದಾಯದ ಬಗ್ಗೆ ಆಡುವ ಮಾತನ್ನು ನಮ್ಮ ಮಕ್ಕಳೂ ಕೇಳುತ್ತಾರೆ. ಅವರು ಮಂಕಾದರೆ ನಾವು ಮಾಡುವುದೇನು? ವಿಶ್ವಾಸ ದುರ್ಬಲವಾಯಿತೆಂದು ಗದರಿಸುತ್ತೇವೆ, ಇಲ್ಲವೇ ಜಿನ್ನ್ ಬಾಧೆಯೆಂದು ತಾಯಿತ ಕಟ್ಟಿಸುತ್ತೇವೆ. ಮಗನ ಅಗಲಿಕೆಯ ದುಃಖದಲ್ಲಿ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದುವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ವಿಶ್ವಾಸ ದುರ್ಬಲವಾಗಿತ್ತೇ?

2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಈ ಸಂಖ್ಯೆಯನ್ನು ಶಾಲೆ, ಮದ್ರಸಗಳ ಗೋಡೆಯಲ್ಲಿ ಬರೆಯಿಸಿರಿ. ಈ ರಜೆಯಲ್ಲೇ ಇಬ್ಬರು ಅಧ್ಯಾಪಕರಿಗೆ ತರಬೇತಿ ಕೊಡಿಸಲು ಆಡಳಿತ ಸಮಿತಿಯು ತೀರ್ಮಾನಿಸಲಿ. ಒಬ್ಬರು ಅಧ್ಯಾಪಿಕೆಯಾಗಿರಲಿ, ಹುಡುಗಿಯರು ಗಂಡಸರ ಮುಂದೆ ಈ ಮಾತುಗಳನ್ನು ಆಡಲಾರರು.