ಅಮ್ಮನ ಲೆಕ್ಕ ನಾವೇ ಬರೆಯೋಣ

(ಉಡುಪಿಯಲ್ಲಿ ಹಾಸ್ಟೆಲ್ ಗೆಳೆಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ಕವಿತೆ ಬರೆಯುವವನನ್ನು ಕರೆದು ಮನೆ ಖರ್ಚಿನ ಬಗ್ಗೆ ಮಾತಾಡು ಅಂದಿದ್ದೀರಿ. ಸಂತೋಷ. ಸಭೆಯಲ್ಲಿ ಹೋರಾಟದ ಹಾಡು ಹಾಡುತ್ತೇವೆ. ಗೋಡೆ ಮೇಲೆ ಘೋಷಣೆ ಬರೆಯುತ್ತೇವೆ. ಶನಿವಾರ ಸಂಜೆ ಮನೆಗೆ ಹೋದರೆ ಅಮ್ಮ ಕೇಳುವುದು ಬೇರೆಯೇ ಪ್ರಶ್ನೆ. "ಮಗಾ, ಸೋಮವಾರದ ಕಂತಿಗೆ ಇನ್ನೂರು ಕಮ್ಮಿ ಉಂಟು. ನಿನ್ನ ಹತ್ರ ಉಂಟಾ?" ಈ ಪ್ರಶ್ನೆಗೆ ಉತ್ತರ ಹೇಳಲಾಗದ ಚಳವಳಿ ನಮ್ಮ ಮನೆಗಳ ಜಗಲಿ ಹತ್ತುವುದಿಲ್ಲ.

ಬಡವರಿಗೆ ಉಳಿತಾಯದ ಉಪದೇಶ ಮಾಡುವವರಿಗೆ ಈ ದೇಶದಲ್ಲಿ ಬರಗಾಲವಿಲ್ಲ. ಹೋಟ್ಲಿನ ಚಾ ಬಿಡಿ, ಮೀನು ಕಮ್ಮಿ ಮಾಡಿ, ಹಿತ್ತಲಲ್ಲಿ ತರಕಾರಿ ಬೆಳೆಸಿ ಅಂತಾರೆ. ಯಾವ ಹಿತ್ತಲು ಮಾರಾಯ್ರೆ? ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಚ್ಚಲು ಆದ ಮೇಲೆ ಉಳಿಯುವುದು ಒಂದು ಬಸಳೆ ಚಪ್ಪರದಷ್ಟು ನೆಲ.

ಈ ಐದು ಸೆಂಟ್ಸಿನ ಕತೆಯಿಂದಲೇ ನಮ್ಮ ಖರ್ಚಿನ ಕತೆ ಶುರುವಾಗುತ್ತದೆ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಕರಾವಳಿಯಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಶನ್ ಹಾಕಿ ಭೂಮಿಯ ಒಡೆಯರಾದರು. ಒಳ್ಳೆಯದೇ ಆಯಿತು. ಆದರೆ ಅದೇ ಗದ್ದೆಯಲ್ಲಿ ಉತ್ತು, ನೇಜಿ ನೆಟ್ಟ ನಮ್ಮ ಅಜ್ಜ ಅಜ್ಜಿಯರಲ್ಲಿ ಬಹಳ ಮಂದಿ ಗೇಣಿದಾರರಲ್ಲ, ಮೂಲದಾಳುಗಳು. ಅವರ ಹೆಸರಲ್ಲಿ ಗೇಣಿ ಚೀಟಿ ಇರಲಿಲ್ಲ. ಬೆವರಿಗೆ ರಶೀದಿ ಇರಲಿಲ್ಲ. ಕಾಗದ ಇದ್ದವನಿಗೆ ಗದ್ದೆ ಬಂತು, ಇಲ್ಲದವನಿಗೆ ಹೆಚ್ಚೆಂದರೆ ಮನೆ ಅಡಿಯ ನೆಲ. ಹೀಗಾಗಿ ಭತ್ತ ಬೆಳೆಯುವ ಊರಿನಲ್ಲಿದ್ದೂ ನಾವು ಅಕ್ಕಿ ಕೊಂಡು ತರುವವರು. ತೆಂಗಿನ ತೋಟದ ಪಕ್ಕದಲ್ಲಿದ್ದೂ ಕಾಯಿ ಕೊಂಡು ತರುವವರು. ಭೂಮಿ ಇದ್ದವನ ಮನೆಯಲ್ಲಿ ಖರ್ಚೇ ಅಲ್ಲದ್ದು ನಮ್ಮ ಮನೆಯಲ್ಲಿ ದಿನದಿನದ ಖರ್ಚು. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಟ 'ಚಲೋ ಉಡುಪಿ' ಜಾಥಾ ಇದೇ ಊರಿಗೆ ಬಂದಾಗ ಕೂಗಿದ್ದೇನು? ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು. ಅಡುಗೆಮನೆಯ ಲೆಕ್ಕವೂ ಭೂಮಿಯ ಲೆಕ್ಕವೂ ಒಂದೇ ಅಂತ ಆ ಒಂದು ಸಾಲು ಹೇಳುತ್ತದೆ.

ಇನ್ನು ಉಳಿತಾಯದ ಮಾತು. ನಾವು ಕೂತಿರುವ ಊರು ಸಣ್ಣ ಊರಲ್ಲ. ಬ್ಯಾಂಕುಗಳ ತೊಟ್ಟಿಲು. ಕಾರ್ಪೊರೇಶನ್ ಬ್ಯಾಂಕು 1906ರಲ್ಲಿ ಉಡುಪಿಯಲ್ಲಿ ಹುಟ್ಟಿತು, ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕು ಅಂತ ಹೆಸರಾದದ್ದು 1925ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿತು. ಉಪೇಂದ್ರ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಸ್ಥಾಪಕರು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ಸಂಗ್ರಹಿಸಿ ಬರೆದುಕೊಂಡು ಹೋಗುತ್ತಿದ್ದ. ಆ ಎರಡಾಣೆಗಳು ಸೇರಿ ಸೇರಿ ದೇಶಾದ್ಯಂತ ಶಾಖೆಗಳಿದ್ದ ಬ್ಯಾಂಕಾಯಿತು. ಅದರ ಕೇಂದ್ರ ಕಚೇರಿ ಮಣಿಪಾಲದ ಗುಡ್ಡದ ಮೇಲೆ ನಿಂತಿತು.

ಇದರಲ್ಲಿ ನಮಗೆ ಎರಡು ಪಾಠ ಉಂಟು. ಸಣ್ಣ ಕಾಸಿಗೆ ಶಕ್ತಿ ಇಲ್ಲ ಅನ್ನುವುದು ಸುಳ್ಳು. ಇನ್ನೊಂದು, ಕಾಸು ಯಾರದ್ದೇ ಇರಲಿ, ಪುಸ್ತಕ ಯಾರ ಕೈಯಲ್ಲಿ ಉಂಟೋ ಅವನದ್ದೇ ಯಜಮಾನಿಕೆ. 1969ರ ಜುಲೈ 19ರಂದು ಸಿಂಡಿಕೇಟ್ ಸೇರಿ 14 ಬ್ಯಾಂಕುಗಳು, 1980ರಲ್ಲಿ ಕಾರ್ಪೊರೇಶನ್ ಸೇರಿ ಇನ್ನಾರು ಬ್ಯಾಂಕುಗಳು ಸರಕಾರದ್ದಾದವು. 1972ರಲ್ಲಿ ಕಡುಬಡವರಿಗೆ ಶೇಕಡಾ 4ರ ಬಡ್ಡಿಯ ಸಾಲ ಅಂತ ಒಂದು ಯೋಜನೆ ಬಂತು. ಅದರಲ್ಲಿ ಶೇಕಡಾ 40 ಭಾಗ ಪರಿಶಿಷ್ಟರಿಗೆ ಕೊಡಬೇಕು ಅಂತ ನಿಯಮ. ಆದರೆ ಅದನ್ನು ಪಡೆಯಲು ಹಳ್ಳಿಯ ಕುಟುಂಬದ ವರ್ಷದ ವರಮಾನ 18,000 ರೂಪಾಯಿ ದಾಟಬಾರದು ಅಂತ ಮಿತಿ ಇಟ್ಟರು. ಅಂದರೆ ತಿಂಗಳಿಗೆ 1,500. ಇವತ್ತು ಅಷ್ಟರಲ್ಲಿ ಬದುಕುವ ಮನೆ ಯಾವುದು? ಯೋಜನೆ ಪುಸ್ತಕದಲ್ಲಿ ಇತ್ತು, ಬಾಗಿಲು ಮಾತ್ರ ಮುಚ್ಚಿತ್ತು. 2020ರ ಏಪ್ರಿಲ್ 1ಕ್ಕೆ ಈ ಎರಡು ಬ್ಯಾಂಕುಗಳ ಹೆಸರೂ ಅಳಿಸಿತು. ಒಂದು ಕೆನರಾದಲ್ಲಿ ಕರಗಿತು, ಇನ್ನೊಂದು ಯೂನಿಯನ್ ಬ್ಯಾಂಕಿನಲ್ಲಿ. ಬ್ಯಾಂಕುಗಳ ತೊಟ್ಟಿಲಲ್ಲಿ ಹುಟ್ಟಿದ ನಮ್ಮ ಅಮ್ಮಂದಿರು ಈಗ ವಾರದ ಕಂತಿನ ಪಾಸ್‌ಬುಕ್ ಹಿಡಿದು ಕೂತಿದ್ದಾರೆ.

ಒಂದು ಮನೆ ಲೆಕ್ಕ ಹಾಕೋಣ. ಕಾಪು ಕಡೆಯೋ ಕಾರ್ಕಳ ಕಡೆಯೋ ಒಂದು ಮನೆ ಅಂತ ಇಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ. ಅಪ್ಪನ ಕೂಲಿ 9,000. ಅಮ್ಮನ ಬೀಡಿ 4,000. ಗೃಹಲಕ್ಷ್ಮಿ ಬಂದ ತಿಂಗಳು 2,000. ಒಟ್ಟು 15,000. ಎರಡು ಕಡೆಯ ವಾರದ ಕಂತು ಸೇರಿ 4,200. ಅಡವಿಟ್ಟ ಬಂಗಾರದ ಬಡ್ಡಿ 500. ಇಷ್ಟಕ್ಕೇ 4,700 ಹೋಯಿತು. ಅಪ್ಪನ ಹೊರಗಿನ ಚಾ ತಿಂಡಿ 600. ಈಗ ಹೇಳಿ, ಮನೆ ಸೋರುವುದು ಚಾದಿಂದಲೋ ಸಾಲದಿಂದಲೋ? ಚಾ ಪೂರ್ತಿ ಬಿಟ್ಟರೂ 600. ಸಾಲದ ಬಾಯಿಗೆ ಮೂರರಲ್ಲಿ ಒಂದು ಪಾಲು.

ಆ ಸಾಲದ ಬಡ್ಡಿ ಎಷ್ಟು ಅಂತ ಕೇಳಿದರೆ, "ಹತ್ತು ಸಾವಿರಕ್ಕೆ ಎರಡು ಸಾವಿರ, ಇಪ್ಪತ್ತು ಪರ್ಸೆಂಟ್" ಅಂತಾರೆ. ಡಿಗ್ರಿ ಓದುವ ನಾವೂ ತಲೆಯಾಡಿಸುತ್ತೇವೆ. 10,000 ತೆಗೆದು ವಾರಕ್ಕೆ 240ರಂತೆ 50 ವಾರ ಕಟ್ಟಿದರೆ 12,000 ಆಯಿತು, ನಿಜ. ಆದರೆ ಮೊದಲ ವಾರದಿಂದಲೇ ಅಸಲು ವಾಪಸು ಹೋಗುತ್ತಾ ಇರುತ್ತದೆ. ಅರ್ಧ ವರ್ಷಕ್ಕೆ ನಮ್ಮ ಕೈಯಲ್ಲಿ ಉಳಿದದ್ದು ಐದು ಸಾವಿರದ ಆಸುಪಾಸು. ವರ್ಷವಿಡೀ ಸರಾಸರಿ ಐದು ಸಾವಿರ ಇಟ್ಟುಕೊಂಡು ಎರಡು ಸಾವಿರ ಬಡ್ಡಿ ಕೊಟ್ಟರೆ ಎಷ್ಟಾಯಿತು? ನೂರಕ್ಕೆ ಹತ್ತಿರ ಹತ್ತಿರ ನಲವತ್ತು. ಇನ್ನು ತಿಂಗಳಿಗೆ ನೂರಕ್ಕೆ ಹತ್ತು ಅನ್ನುವ ಕೈಸಾಲ ವರ್ಷಕ್ಕೆ ನೂರಿಪ್ಪತ್ತು. ಒಂದು ಕಡೆ ಪಿಗ್ಮಿ ಕಟ್ಟುತ್ತಾ ಇನ್ನೊಂದು ಕಡೆ ಇಂಥ ಸಾಲ ಇಟ್ಟುಕೊಳ್ಳುವುದು ತೂತು ಕೊಡಪಾನಕ್ಕೆ ನೀರು ಸೇದಿದ ಹಾಗೆ. ಕೈಯಲ್ಲಿ ನಾಲ್ಕು ಕಾಸು ಮಿಕ್ಕರೆ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಬೇಕು. ಒಂದು ಸಾಲ ತೀರಿಸಲು ಅದಕ್ಕಿಂತ ದುಬಾರಿಯ ಇನ್ನೊಂದು ಸಾಲ ತೆಗೆಯಬಾರದು.

ಕಾಯಿದೆಯೂ ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷಕ್ಕೆ ಮೂರು ಲಕ್ಷದೊಳಗಿನ ವರಮಾನದ ಮನೆಗೆ ಅಡವಿಲ್ಲದೆ ಕೊಟ್ಟ ಸಾಲ ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು. ಸಾಲದ ವಿವರ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ವಸೂಲಿಗೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಮೇಲೆ ಫೋನು ಮಾಡುವ ಹಾಗಿಲ್ಲ. 2025ರಲ್ಲಿ ಕರ್ನಾಟಕ ಸರಕಾರ ಬಲವಂತದ ವಸೂಲಿ ತಡೆಯಲು ಬೇರೆಯೇ ಕಾಯಿದೆ ಮಾಡಿತು. ಅದರಲ್ಲಿ ಹತ್ತು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ. ಅಮ್ಮನಿಗೆ ಇದನ್ನು ಯಾರು ಓದಿ ಹೇಳಬೇಕು? ಏಜೆಂಟ್ ಹೇಳುತ್ತಾನಾ?

ಲೆಕ್ಕಕ್ಕೇ ಬಾರದ ಸೋರಿಕೆಗಳೂ ಉಂಟು. ಬೀಡಿ ನೋಡಿ. ಕೊಟ್ಟ ಎಲೆ ಸಾಲದೆ ಕೈಯಿಂದ ಎಲೆ ಕೊಂಡರೆ ಅದು ಅಮ್ಮನ ಖರ್ಚು. ಬ್ರಾಂಚಿನಲ್ಲಿ ಸರಿಯಿಲ್ಲ ಅಂತ ಬೀಡಿ ತೆಗೆದಿಟ್ಟರೆ ಅದೂ ಅಮ್ಮನ ನಷ್ಟ. ಬಸ್ಸು ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರಕಾರಿ ಬಸ್ಸು ಉಚಿತ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯ. ಮೈಸೂರಿನ ತಂಗಿಗೆ ಪುಕ್ಕಟೆ, ಕಾಪುವಿನ ತಂಗಿಗೆ ಟಿಕೇಟು. ಇಲ್ಲಿ ಖರ್ಚು ಕಮ್ಮಿ ಮಾಡುವುದು ಅಂದರೆ ನಮ್ಮ ಮಾರ್ಗಕ್ಕೂ ಸರಕಾರಿ ಬಸ್ಸು ಬಿಡಿ ಅಂತ ಅರ್ಜಿ ಹಿಡಿದು ಹೋಗುವುದು. ಆಸ್ಪತ್ರೆ ನೋಡಿ. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಂಟು. ಆದರೆ ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ತರಬೇಕು. ಆ ಒಂದು ಕಾಗದ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಓಡಿದರೆ ಕಿವಿಯ ಬೆಂಡೋಲೆಯೂ ಹೋಗುತ್ತದೆ.

ಇಷ್ಟೆಲ್ಲ ಹೊರಗಿನವರ ಮೇಲೆ ಹೇಳಿ ನಮ್ಮ ಬೆನ್ನು ತಟ್ಟಿಕೊಳ್ಳುವುದು ಬೇಡ. ಮದುವೆಯ ಹಿಂದಿನ ದಿನದ ಮೆಹಂದಿಗೆ ಡಿಜೆ ಬೇಕಾ? ಧಣಿಯ ಮನೆಯ ಮದುವೆಗೆ ಸರಿಗಟ್ಟಿದರೆ ಸಮಾನತೆ ಬರುತ್ತದಾ? ಹಿಂದೆ ಮದುವೆಗೆಂದು ಧಣಿಯಿಂದ ಪಡೆದ ಮುಂಗಡವೇ ಜೀತದ ಹಗ್ಗವಾಗುತ್ತಿತ್ತು. 1976ರ ಕಾಯಿದೆ ಆ ಹಗ್ಗ ಕತ್ತರಿಸಿತು. ನಾವು ಅದೇ ಮದುವೆಗೆ ಹೊಸ ಹಗ್ಗ ಹೊಸೆಯುತ್ತಿದ್ದೇವೆ. ಬಾಬಾಸಾಹೇಬರು ಕಾನೂನಿಗಿಂತ ಮೊದಲು ಓದಿದ್ದು ಅರ್ಥಶಾಸ್ತ್ರ. ರೂಪಾಯಿಯ ಸಮಸ್ಯೆಯ ಮೇಲೆ ಅವರ ಗ್ರಂಥ 1923ರಲ್ಲಿ ಬಂತು. 1942ರ ಜುಲೈಯಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಅವರು ಹೇಳಿದ್ದು ಇದೇ: ಮಕ್ಕಳ ಮದುವೆಗೆ ಅವಸರ ಮಾಡಬೇಡಿ, ಅದೊಂದು ಹೊರೆ, ಅದನ್ನು ಹೊರುವ ಆರ್ಥಿಕ ಶಕ್ತಿ ಬರುವವರೆಗೆ ಅವರ ಮೇಲೆ ಹೇರಬೇಡಿ. 1927ರಲ್ಲಿ ಮಹಾಡಿನಲ್ಲಿ ಹೆಂಗಸರಿಗೆ ಇನ್ನೂ ಖಡಕ್ಕಾಗಿ ಹೇಳಿದರು: ಕುಡುಕ ಗಂಡನಿಗೂ ಮಗನಿಗೂ ಊಟ ಹಾಕಬೇಡಿ. ಗಂಡುಹುಡುಗರೇ, ಇದು ನಮಗೂ ಹೇಳಿದ ಮಾತು. ಶನಿವಾರದ ಬಾಟಲಿ, ಕಂತಿನ ಬೈಕು ಅಮ್ಮನ ಬೆರಳಿನಿಂದ ಬರುತ್ತದೆ.

ಯಾವುದನ್ನು ಕಡಿಯಬಾರದು ಅನ್ನುವುದೂ ಅಷ್ಟೇ ಮುಖ್ಯ. ಮನೆಯಲ್ಲಿ ಬಿಗಿ ಬಂದಾಗ ಮೊದಲು ಕಡಿಮೆಯಾಗುವುದು ಅಮ್ಮನ ತಟ್ಟೆಯ ಮೀನು. ಆಮೇಲೆ ತಂಗಿಯ ಫೀಸು. ಇವೆರಡನ್ನು ಮುಟ್ಟಬಾರದು. ಬೂತಾಯಿ, ಮೊಟ್ಟೆ, ಪುಸ್ತಕ, ಮದ್ದು, ಇವು ದುಂದು ಅಲ್ಲ.

ಈಗ ಕೆಲಸ ಹೇಳುತ್ತೇನೆ. ಧಣಿಯ ಪುಸ್ತಕ, ಅಂಗಡಿಯ ಪಟ್ಟಿ, ಬೀಡಿ ಬ್ರಾಂಚಿನ ಪುಸ್ತಕ, ಸಾಲದ ಪಾಸ್‌ಬುಕ್. ತಲೆಮಾರುಗಳಿಂದ ನಮ್ಮ ಲೆಕ್ಕ ಬರೆದವರು ಬೇರೆಯವರೇ. ನಾವು ಹೆಬ್ಬೆಟ್ಟು ಒತ್ತಿದೆವು. ಈ ಸಲ ಮನೆಗೆ ಹೋಗುವಾಗ ಒಂದು ಇಪ್ಪತ್ತು ರೂಪಾಯಿಯ ನೋಟುಬುಕ್ಕು ಕೊಂಡುಹೋಗಿ. ಅಮ್ಮನ ಹತ್ತಿರ ಕೂತು ಕೇಳಿ ಬರೆಯಿರಿ. ಬಂದದ್ದು ಒಂದು ಕಡೆ, ಹೋದದ್ದು ಒಂದು ಕಡೆ. ಸಾಲಗಳನ್ನು ಬೇರೆ ಹಾಳೆಯಲ್ಲಿ: ಯಾರಿಂದ, ಎಷ್ಟು, ಕಂತು ಎಷ್ಟು, ಎಷ್ಟು ವಾರ ಉಳಿಯಿತು, ನಿಜವಾದ ಬಡ್ಡಿ ಎಷ್ಟು. ವಾಪಸಾದ ಬೀಡಿಯನ್ನೂ ಬರೆಯಿರಿ, ಬಸ್ಸಿನ ಟಿಕೇಟನ್ನೂ ಬರೆಯಿರಿ. ಅಮ್ಮನಿಗೆ ಬುದ್ಧಿ ಹೇಳಲು ಹೋಗಬೇಡಿ. ಹದಿನೈದು ಸಾವಿರದಲ್ಲಿ ನಮ್ಮನ್ನು ಡಿಗ್ರಿಯವರೆಗೆ ತಂದ ಹೆಂಗಸು ಅವಳು. ಅವಳ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿದರೆ ಸಾಕು. ಒಂದು ತಿಂಗಳ ಮೇಲೆ ಇಲ್ಲೇ ಕೂಡೋಣ, ಹೆಸರು ಹೇಳದೆ ಅಂಕಿ ಮಾತ್ರ ಓದೋಣ.

ಎರಡನೆಯದು, ಹಾಸ್ಟೆಲಿನಲ್ಲಿ ನಲವತ್ತು ಮಂದಿ ಇದ್ದೇವೆ. ವಾರಕ್ಕೆ ತಲೆಗೆ ಹತ್ತು ರೂಪಾಯಿ ಹಾಕಿದರೆ ನಾನೂರು. ವರ್ಷಕ್ಕೆ 20,800. ಪರೀಕ್ಷೆ ಫೀಸಿಗೆ, ಮನೆಯ ಮದ್ದಿಗೆ ಬಡ್ಡಿ ಇಲ್ಲದೆ ಕೊಡೋಣ. ಇಬ್ಬರ ಸಹಿ ಇಲ್ಲದೆ ಹಣ ತೆಗೆಯಬಾರದು. ಪ್ರತಿ ತಿಂಗಳು ಲೆಕ್ಕ ಎಲ್ಲರ ಮುಂದೆ ಓದಬೇಕು. ಪಿಗ್ಮಿಯ ಎರಡಾಣೆ ಕಲಿಸಿದ ಪಾಠ ಇದು, ಪುಸ್ತಕ ಮಾತ್ರ ನಮ್ಮ ಕೈಯಲ್ಲಿ.

ಮನೆಯ ಲೆಕ್ಕ ಓದಲು ಕಲಿತವನು ಸರಕಾರದ ಲೆಕ್ಕವನ್ನೂ ಓದುತ್ತಾನೆ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣ ಅವರ ಅಭಿವೃದ್ಧಿಗೆ ಇಡಬೇಕು ಅಂತ ಕರ್ನಾಟಕದಲ್ಲಿ 2013ರಿಂದ ಕಾಯಿದೆ ಉಂಟು. 2023-24ರಲ್ಲಿ ಆ ಹಣದಿಂದ ಸುಮಾರು 11,000 ಕೋಟಿ ರೂಪಾಯಿಯನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಸೇರಿಸಿದರು. ಎಲ್ಲರಿಗೂ ಸಿಗುವ ಅಕ್ಕಿ, ವಿದ್ಯುತ್ತನ್ನು ನಮ್ಮ ಪಾಲಿನ ಹಣದಲ್ಲಿ ನಮಗೇ ಕೊಟ್ಟು, ನಿಮಗೆ ಕೊಟ್ಟೆವು ಅಂದರು. ಅಂಗಡಿಯವನು ಪಟ್ಟಿಯಲ್ಲಿ ಒಂದೇ ಸಾಮಾನನ್ನು ಎರಡು ಸಲ ಬರೆದರೆ ಅಮ್ಮ ಸುಮ್ಮನಿರುತ್ತಾಳಾ? ನಾವು ಯಾಕೆ ಸುಮ್ಮನಿರಬೇಕು?

ನೋಟುಬುಕ್ಕು ಮರೆಯಬೇಡಿ. ಜೈಭೀಮ್.