ಕನ್ಸರ್ವೇಟಿವ್ ಅಂದರೆ ಎಂತ?

(ಪುತ್ತೂರಿನಲ್ಲಿ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಸುಳ್ಯ, ಕಡಬದ ಗೆಳೆಯರು ಕೇಳಿದ್ದಕ್ಕೆ ಬರೆದು ಕೊಟ್ಟಿದ್ದೇನೆ.)

ಬಿ.ಎ. ಓದುವಾಗ ರಾಜ್ಯಶಾಸ್ತ್ರದ ಲೆಕ್ಚರರು ಬೋರ್ಡಿನ ಮೇಲೆ ಬರೆದರು: ಕನ್ಸರ್ವೇಟಿವ್ ಅಂದರೆ ಸಂಪ್ರದಾಯವಾದಿ. ನಾವು ಬರೆದುಕೊಂಡೆವು. ಪರೀಕ್ಷೆಯಲ್ಲೂ ಅದನ್ನೇ ಬರೆದೆವು. ಮಾರ್ಕು ಬಂತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ರಜೆಯಲ್ಲಿ ಮನೆಗೆ ಹೋಗಿ ಅಜ್ಜಿಯನ್ನು ನೋಡಿದಾಗ ಆ ಶಬ್ದ ಗಂಟಲಲ್ಲಿ ಸಿಕ್ಕಿಕೊಂಡಿತು.

ನಮ್ಮ ಅಜ್ಜಿ ಧಣಿಗಳ ಮನೆಗೆ ಇವತ್ತಿಗೂ ಹೋಗುತ್ತಾಳೆ. ಅಡಿಕೆ ಸುಲಿಯಲಿಕ್ಕೆ. ಹಿಂದೆ ಅವಳಿಗೆ ಗೆರಟೆಯಲ್ಲಿ ಕಾಫಿ ಕೊಡುತ್ತಿದ್ದರಂತೆ. ನಾನು ಕಂಡದ್ದು ಸ್ಟೀಲ್ ಲೋಟ. ಆದರೆ ಅದು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ಬೇರೆ ಲೋಟ. ಈಗ ಆ ಮನೆಯ ಮೊಮ್ಮಗ "ಒಳಗೆ ಬಾ ಅಜ್ಜಿ" ಅಂತ ಕರೆಯುತ್ತಾನೆ. ಅಜ್ಜಿ ಹೋಗುವುದಿಲ್ಲ. ಅಂಗಳದಲ್ಲೇ ಕೂರುತ್ತಾಳೆ. ಯಾಕೆ ಅಂತ ಕೇಳಿದರೆ "ನಡೆದುಕೊಂಡು ಬಂದದ್ದು ಮಗಾ" ಅನ್ನುತ್ತಾಳೆ.

ಲೋಟ ಬೇರೆ ಇಟ್ಟ ದೊಡ್ಡ ಧಣಿಗಳು ಹೇಳುತ್ತಿದ್ದದ್ದೂ ಅದೇ ಮಾತು. ನಡೆದುಕೊಂಡು ಬಂದದ್ದು.

ಹಾಗಾದರೆ ಇಬ್ಬರೂ ಸಂಪ್ರದಾಯವಾದಿಗಳೇ? ಒಂದೇ ಶಬ್ದ ಇಬ್ಬರಿಗೂ ಸಲ್ಲುತ್ತದೆಯೇ? ಈ ಪ್ರಶ್ನೆ ಹಿಡಿದುಕೊಂಡು ನಾನು ಡಿಕ್ಷನರಿ ತೆರೆದೆ.

ಕನ್ಸರ್ವೇಟಿವ್ ಎನ್ನುವುದರ ಬೇರು ಲ್ಯಾಟಿನ್ ಭಾಷೆಯದ್ದು. ಅರ್ಥ ಕಾಯುವುದು, ಕಾಪಾಡುವುದು. ಬೇರಿನಲ್ಲಿ ಕೆಟ್ಟ ಅರ್ಥ ಇಲ್ಲ. ನಮ್ಮ ಕಾಡಿನ ದೊಡ್ಡ ಆಫೀಸರನ್ನು ಇಂಗ್ಲಿಷಿನಲ್ಲಿ ಕನ್ಸರ್ವೇಟರ್ ಅನ್ನುತ್ತಾರಲ್ಲ, ಅದೂ ಇದೇ ಬೇರಿನ ಶಬ್ದ. ಅದಕ್ಕೆ ಕನ್ನಡದಲ್ಲಿ ಸಂರಕ್ಷಣಾಧಿಕಾರಿ ಅಂತ ಮಾಡಿಕೊಂಡಿದ್ದೇವೆ.

ಈ ಶಬ್ದ ರಾಜಕೀಯಕ್ಕೆ ಇಳಿದದ್ದು 1789ರ ಫ್ರಾನ್ಸಿನ ಕ್ರಾಂತಿಯ ನಂತರ. ಅರಸರ, ಪಾದ್ರಿಗಳ, ಜಮೀನ್ದಾರರ ಗದ್ದುಗೆ ಅಲುಗಿತು. ಇಂಗ್ಲೆಂಡಿನ ಎಡ್ಮಂಡ್ ಬರ್ಕ್ 1790ರಲ್ಲಿ ಆ ಕ್ರಾಂತಿಯನ್ನು ಖಂಡಿಸಿ ಪುಸ್ತಕ ಬರೆದ. ಹಿರಿಯರಿಂದ ಬಂದದ್ದನ್ನು ಏಕಾಏಕಿ ಒಡೆಯಬಾರದು ಎನ್ನುವುದು ಅವನ ವಾದ. 1818ರಲ್ಲಿ ಫ್ರಾನ್ಸಿನ ಲೇಖಕ ಶಾತೋಬ್ರಿಯಾ ಈ ಶಬ್ದದ ಹೆಸರಿನಲ್ಲೇ ಪತ್ರಿಕೆ ಹೊರಡಿಸಿದ. 1830ರ ಹೊತ್ತಿಗೆ ಇಂಗ್ಲೆಂಡಿನ ಟೋರಿ ಪಕ್ಷದವರು ಅದನ್ನು ತಮ್ಮ ಹೆಸರಾಗಿ ಇಟ್ಟುಕೊಳ್ಳತೊಡಗಿದರು. ಅಂದರೆ, ಕಳೆದುಕೊಳ್ಳಲಿಕ್ಕೆ ಏನಾದರೂ ಇದ್ದವರು ಕಾಯಲಿಕ್ಕೆ ಹೊರಟರು. ಏನೂ ಇಲ್ಲದವನು ಏನನ್ನು ಕಾಯುತ್ತಾನೆ?

ಇನ್ನು ನಮ್ಮ ಶಬ್ದ. ಸಂಪ್ರದಾಯ. ಇದರ ಒಳಗೆ ಇರುವ ಧಾತು ದಾ. ದಾ ಅಂದರೆ ಕೊಡು. ದಾನ ಎಂಬ ಶಬ್ದದ ಪಕ್ಕದ ಮನೆಯದ್ದು ಇದು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸುವುದೇ ಸಂಪ್ರದಾಯ. ಇಂಗ್ಲಿಷಿನವನು ಕಾಯುತ್ತೇನೆ ಅಂದ. ಕನ್ನಡದವರು ದಾಟಿಸುತ್ತೇವೆ ಅಂದರು.

ಕೇಳಲಿಕ್ಕೆ ಚಂದ ಉಂಟು. ಆದರೆ ಬಂಧುಗಳೇ, ಯಾರು ದಾಟಿಸಿದರು? ಏನನ್ನು ದಾಟಿಸಿದರು?

ನಮ್ಮನ್ನೇ ದಾಟಿಸಿದರು.

ಈ ಜಿಲ್ಲೆಯಲ್ಲಿ ಮೂಲದ ಹೊಲೆಯ ಎಂಬ ಮಾತು ಉಂಟು. ಹಳೆಯ ಸರ್ಕಾರಿ ಪುಸ್ತಕಗಳಲ್ಲೂ ಉಂಟು. ಜಮೀನಿಗೆ ಅಂಟಿಕೊಂಡ ಆಳು ಎಂದು ಅದರ ಅರ್ಥ. ಜಮೀನು ಕೈ ಬದಲಾದರೆ ಆಳೂ ಕೈ ಬದಲು. ಗದ್ದೆ, ತೋಟ, ಕೋಣ, ಅದರ ಜೊತೆ ನಮ್ಮ ಮುತ್ತಜ್ಜ. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ತೆಗೆಯುವ ಕಾನೂನು ಮಾಡಿತು. ಮಾಲೀಕರಿಗೆ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಗುಲಾಮರಿಗೆ ಒಂದು ಕಾಸೂ ಇಲ್ಲ. ಆ ಕಾನೂನಿನಿಂದ ಕಂಪನಿ ಸರ್ಕಾರದ ಸೀಮೆಯನ್ನು ಹೊರಗಿಟ್ಟರು. ನಮ್ಮ ಕಡೆಗೆ ಬಂದದ್ದು 1843ರ 5ನೇ ಕಾಯ್ದೆ. ಗುಲಾಮನ ಮೇಲಿನ ಒಡೆತನವನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎಂದಿತು, ಅಷ್ಟೆ. ಕಾಗದದಲ್ಲಿ ಒಡೆತನ ಹೋಯಿತು. ಅಂಗಳದಲ್ಲಿ ಉಳಿಯಿತು.

ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ 'ಚೋಮನ ದುಡಿ' ನಿಮಗೆಲ್ಲ ಗೊತ್ತು. 1933ರ ಕಾದಂಬರಿ. ಚೋಮ ಕೇಳಿದ್ದು ಬೇಸಾಯಕ್ಕೆ ಒಂದು ತುಂಡು ಗದ್ದೆ. ಧಣಿಗೆ ಮನಸ್ಸು ಕರಗುತ್ತದೆ. ಅವನ ತಾಯಿ ಒಪ್ಪುವುದಿಲ್ಲ. ಹೊಲೆಯ ಬೇಸಾಯಗಾರ ಆಗುವ ಕ್ರಮ ಇಲ್ಲ. ನೋಡಿ, ಅಲ್ಲಿ ಕಾಯುತ್ತಿರುವುದು ದೇವರನ್ನೂ ಅಲ್ಲ, ಧರ್ಮವನ್ನೂ ಅಲ್ಲ. ಆ ತುಂಡು ಗದ್ದೆಯನ್ನು.

1974ರಲ್ಲಿ ಭೂಸುಧಾರಣೆ ಬಂತು. ಗೇಣಿದಾರರು ಒಡೆಯರಾದರು. ಒಳ್ಳೆಯದೇ ಆಯಿತು. ಆದರೆ ಚೋಮ ಗೇಣಿದಾರ ಅಲ್ಲವಲ್ಲ ಮಾರಾಯ್ರೆ! ಗೇಣಿ ಚೀಟಿ ಇಲ್ಲದ ಆಳು ಅವನು. ಉತ್ತವನಿಗೆ ಭೂಮಿ ಅಂದರು. ಉಳಲಿಕ್ಕೇ ಬಿಡದವನಿಗೆ ಏನು?

ನಮಗೆಂದು ಇಟ್ಟ ಭೂಮಿಯೂ ಒಂದು ಉಂಟು. ಡಿ.ಸಿ. ಮನ್ನಾ. ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಭೂಮಿ. ಅದನ್ನು ಹಂಚಿ ಅಂತ ಈ ಜಿಲ್ಲೆಯ ದಲಿತ ಸಂಘಟನೆಗಳು ಎಷ್ಟು ವರ್ಷದಿಂದ ಕೇಳುತ್ತಿವೆ, ನಿಮಗೇ ಗೊತ್ತು. ಅವರ ಆಸ್ತಿಯಾದರೆ ಕಾದು ಮಕ್ಕಳ ಕೈಗೆ ದಾಟಿಸುತ್ತಾರೆ. ನಮ್ಮದಾದರೆ ಕಾದಿರಿಸುವುದು ಮಾತ್ರ. ದಾಟಿಸುವುದು ಇಲ್ಲ.

ಹಾಗಂತ ನಮಗೆ ಏನೂ ದಾಟಿಸಲಿಲ್ಲ ಅಂತ ಅಲ್ಲ. ಪಟ್ಟಿ ಮಾಡೋಣ. ಎಂಜಲು ದಾಟಿಸಿದರು. ರೋಗ ದಾಟಿಸಿದರು. ಕೊರಗರ ಅಜಲು ಅಂದರೆ ಏನು? ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಕೆಡುಕನ್ನು ಇನ್ನೊಬ್ಬನ ಹೊಟ್ಟೆಗೆ ದಾಟಿಸುವುದು. ಕಂಬಳದ ಗದ್ದೆಯಲ್ಲಿ ಕೋಣಕ್ಕಿಂತ ಮೊದಲು ಮನುಷ್ಯನನ್ನು ಓಡಿಸುವುದು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷಕ್ಕೆ!

ಮಡೆಸ್ನಾನ ನಮ್ಮ ಪಕ್ಕದಲ್ಲೇ ನಡೆಯುತ್ತಿತ್ತು. ಸುಬ್ರಹ್ಮಣ್ಯ ಈಗ ಕಡಬ ತಾಲೂಕು, ಮೊದಲು ಸುಳ್ಯ. ಚಂಪಾಷಷ್ಠಿಯ ದಿನಗಳಲ್ಲಿ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಜನ ಉರುಳುತ್ತಿದ್ದರು. ಚರ್ಮರೋಗ ಹೋಗುತ್ತದೆ ಎಂಬ ನಂಬಿಕೆ. ವಿರೋಧ ಎದ್ದಿತು. 2012ರಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋಯಿತು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2017ರಲ್ಲಿ ಅಮಾನವೀಯ ಪದ್ಧತಿಗಳನ್ನು ತಡೆಯುವ ಕಾಯ್ದೆ ಆಗಿ, 2020ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಇದೂ ಸೇರಿತು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಮುಚ್ಚಿಟ್ಟರೆ ನಾವೂ ಸುಳ್ಳುಗಾರರೇ. ಆ ಎಲೆಗಳ ಮೇಲೆ ಎಲ್ಲ ಜಾತಿಯವರೂ ಉರುಳಿದ್ದಾರೆ. ಬೇಕು, ನಿಲ್ಲಿಸಬೇಡಿ ಎಂದು ಮಲೆಕುಡಿಯರ ಸಂಘಟನೆಯೇ ಕೋರ್ಟಿಗೆ ಹೋಗಿತ್ತು. ಯಾರೂ ಒತ್ತಾಯ ಮಾಡಲಿಲ್ಲ, ಅವರಾಗಿಯೇ ಉರುಳುತ್ತಾರೆ ಅಂತ ವಾದ ಮಾಡುವವರಿಗೆ ಅದು ದೊಡ್ಡ ಆಧಾರ ಆಯಿತು.

ಇದಕ್ಕೆ ನನ್ನ ಉತ್ತರ ನನ್ನ ಅಜ್ಜಿ. ಅವಳು ಒಳಗೆ ಹೋಗದಿರುವುದೂ ಅವಳಾಗಿಯೇ. ಯಾರೂ ತಡೆಯುವುದಿಲ್ಲ. ಆದರೆ ಒಂದು ಕಾಲದಲ್ಲಿ ಒಳಗೆ ಕಾಲಿಟ್ಟಿದ್ದರೆ ಮರುದಿನ ಕೆಲಸ ಇರುತ್ತಿರಲಿಲ್ಲ, ಅಕ್ಕಿ ಇರುತ್ತಿರಲಿಲ್ಲ. ಭಯ ಮೊದಲು ಬಂತು. ಭಯ ಹಳೆಯದಾಗಿ ಅಭ್ಯಾಸ ಆಯಿತು. ಅಭ್ಯಾಸ ಹಳೆಯದಾಗಿ ಭಕ್ತಿ ಆಯಿತು. ಧಣಿ ಅದನ್ನು ಕಾದದ್ದು ಲಾಭಕ್ಕೆ. ಅಜ್ಜಿ ಕಾದದ್ದು ಬದುಕಲಿಕ್ಕೆ. ಇಬ್ಬರಿಗೂ ಒಂದೇ ಹೆಸರು ಇಡುವ ಡಿಕ್ಷನರಿಯನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು. ಕನ್ಸರ್ವೇಟಿವ್ ಅಂದರೆ ಕಾಯುವವ ಅಂತ ಆದರೆ, ಈ ಊರುಗಳಲ್ಲಿ ನಿಜವಾಗಿ ಕಾದವರು ಯಾರು? ಕಾಡುಹಂದಿ ಬಾರದ ಹಾಗೆ ರಾತ್ರಿಯಿಡೀ ಗದ್ದೆ ಕಾದವರು ಯಾರು? ನಮ್ಮ ಅಜ್ಜಂದಿರು. ಬೆಳೆ ಮಾತ್ರ ಅವರದಲ್ಲ. ನೇಜಿ ನೆಡುತ್ತಾ ಪಾಡ್ದನ ಹಾಡಿ ಅದನ್ನು ಉಳಿಸಿದವರು ಯಾರು? ನಮ್ಮ ಅಜ್ಜಿಯಂದಿರು. ಕಾನದ ಕಟದರ ಕಥೆ ಯಾವ ಮಠದ ಓಲೆಗರಿಯಲ್ಲೂ ಕಾದಿಟ್ಟದ್ದಲ್ಲ. ನಾಲಗೆಯಲ್ಲಿ ಕಾದದ್ದು. ಅವರನ್ನು ಯಾರೂ ಕನ್ಸರ್ವೇಟಿವ್ ಅನ್ನಲಿಲ್ಲ. ಅಜ್ಞಾನಿಗಳು ಅಂದರು.

ಆದ್ದರಿಂದ ಗೆಳೆಯರೇ, ಹಳೆಯದೆಲ್ಲ ಸುಡಬೇಕು ಅಂತ ನಾನು ಹೇಳುವುದಿಲ್ಲ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಎರಡು ಪ್ರಶ್ನೆ ಕೇಳಿ. ಇದನ್ನು ಕಾದದ್ದರಿಂದ ಯಾರ ಹೊಟ್ಟೆ ತುಂಬಿತು? ಇದನ್ನು ದಾಟಿಸಿದರೆ ನನ್ನ ಮಗಳ ಬೆನ್ನು ನೆಟ್ಟಗಾಗುತ್ತದೋ, ಬಾಗುತ್ತದೋ? ಬಾಗಿಸುವುದನ್ನು ನನ್ನ ಕೈಯಲ್ಲೇ ನಿಲ್ಲಿಸುತ್ತೇನೆ. ಅಜ್ಜಿಯ ಪಾಡ್ದನವನ್ನು ಬರೆದುಕೊಳ್ಳುತ್ತಿದ್ದೇನೆ. ಅದನ್ನು ದಾಟಿಸುತ್ತೇನೆ.

ಕಳೆದ ವಾರ ಅಜ್ಜಿಗೆ ಹೇಳಿದೆ, "ಮುಂದಿನ ಸಲ ನಾನೂ ಬರುತ್ತೇನೆ, ಇಬ್ಬರೂ ಒಟ್ಟಿಗೆ ಒಳಗೆ ಹೋಗುವ." ಅವಳು ಏನೂ ಹೇಳಲಿಲ್ಲ. ಬಾಯಿಯ ಎಲೆಅಡಿಕೆ ಉಗುಳಿ ನನ್ನ ಮುಖ ನೋಡಿದಳು. ಬೇಡ ಅಂತ ಮಾತ್ರ ಹೇಳಲಿಲ್ಲ.

ಜೈ ಭೀಮ್.