ಕುರುಹು ಹೇಳುವುದೇನು?

(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಕೇತ ಎಂದೊಡನೆ ನೀರಾವರಿ ಇಲಾಖೆಯಲ್ಲಿ ದುಡಿದ ನನಗೆ ನೆನಪಾಗುವುದು ಅಣೆಕಟ್ಟೆಯ ಸೈರನ್. ಗೇಟು ಎತ್ತುವ ಮೊದಲು ಅದು ಕೂಗುತ್ತದೆ. ಹೊಳೆಯಲ್ಲಿ ಬಟ್ಟೆ ಒಗೆಯುವವರು, ದನಗಳ ಮೈ ತೊಳೆಯುವವರು ಕೂಡಲೇ ದಡ ಹತ್ತುತ್ತಾರೆ. ಆ ಸದ್ದಿನಲ್ಲಿ ಒಂದಕ್ಷರವೂ ಇಲ್ಲ. ಆದರೂ ಅದರ ಹಿಂದೆ ನೀರು ಬಂದೇ ಬರುತ್ತದೆಂಬ ನಂಬಿಕೆ ಇದೆ. ನಾಲ್ಕು ಸಲ ಸುಮ್ಮನೆ ಕೂಗಿಸಿದರೆ ಐದನೆಯ ಸಲ ಯಾರೂ ಮೇಲೇಳುವುದಿಲ್ಲ. ಸಂಕೇತವೇ ಇಲ್ಲದಿರುವುದಕ್ಕಿಂತ ಸುಳ್ಳು ಸಂಕೇತ ಹೆಚ್ಚು ಅಪಾಯ.

ನಮ್ಮ ದಿನಚರಿಯಲ್ಲಿ ಇಂಥವು ಎಷ್ಟೋ ಇವೆ. ಕಂಡಕ್ಟರ್ ಸೀಟಿ ಊದಿದರೆ ನಿಲ್ಲಬೇಕೋ ಹೊರಡಬೇಕೋ ಎಂಬುದು ಡ್ರೈವರ್‌ಗೆ ತಿಳಿಯುತ್ತದೆ. ಊರು ಮುಟ್ಟಿದ ಮಗ ಮಿಸ್ಡ್ ಕಾಲ್ ಕೊಟ್ಟರೆ ತಾಯಿ ನಿಶ್ಚಿಂತೆಯಿಂದ ಮಲಗುತ್ತಾಳೆ. ಕೊಡುವವರಿಗೂ ಪಡೆಯುವವರಿಗೂ ಅರ್ಥ ಒಂದೇ ಆಗಿರಬೇಕು, ಅಷ್ಟೇ.

12ನೆಯ ಶತಮಾನದಲ್ಲಿ ಬಸವಾದಿ ಶರಣರು ಇಷ್ಟಲಿಂಗವನ್ನು ಕುರುಹು ಎಂದರು. ಅರಿವಿಗೆ ಒಯ್ಯುವ ಕುರುಹು ಅದು. ಮಡಿವಾಳ ಮಾಚಿದೇವರ ಎದೆಯ ಮೇಲೂ ಅದೇ, ಸಮಗಾರ ಹರಳಯ್ಯನವರ ಎದೆಯ ಮೇಲೂ ಅದೇ, ಅಕ್ಕಮಹಾದೇವಿಯ ಅಂಗೈಯಲ್ಲೂ ಅದೇ. ಇದನ್ನು ಧರಿಸಿದವರಲ್ಲಿ ಮೇಲು ಕೀಳಿಲ್ಲ ಎಂಬುದೇ ಅದರ ಅರ್ಥ. ಆ ಅರ್ಥವನ್ನು ನಡೆಯಲ್ಲಿ ತೋರಿದ್ದಕ್ಕೆ ಹರಳಯ್ಯ, ಮಧುವರಸರು ಪ್ರಾಣವನ್ನೇ ತೆತ್ತರೆಂದು ಶರಣ ಪರಂಪರೆ ಹೇಳುತ್ತದೆ.

ಇಂದು ನಮ್ಮ ಕೊರಳಲ್ಲಿ ಕರಡಿಗೆ ಇದೆ, ಹಣೆಯಲ್ಲಿ ವಿಭೂತಿ ಇದೆ. ಹೆಣ್ಣು ಗಂಡು ನೋಡುವಾಗ ಮಾತ್ರ ಮೊದಲ ಪ್ರಶ್ನೆ, "ಒಳಪಂಗಡ ಯಾವುದು?" ಎದೆಯ ಮೇಲಿನ ಕುರುಹು ಒಂದು ಹೇಳಿದರೆ ಬಾಯಿ ಇನ್ನೊಂದು ಹೇಳುತ್ತದೆ. ಮನೆಯ ಮಕ್ಕಳು ಯಾವುದನ್ನು ನಂಬಬೇಕು? ಲಿಂಗ ಕಟ್ಟಿಕೊಳ್ಳಲು ಅವರು ಒಲ್ಲೆವೆಂದರೆ ದೂರುತ್ತೇವೆ. ನೀರು ಬಾರದ ಸೈರನ್ನನ್ನು ಅವರು ಎಷ್ಟು ಸಲ ಕೇಳಿದ್ದಾರೋ!

ಹಾಗಾದರೆ ಕುರುಹೇ ಬೇಡವೆನ್ನೋಣವೇ? ಬೇಡ. ಸೈರನ್ ಕೆಟ್ಟರೆ ರಿಪೇರಿ ಮಾಡುತ್ತೇವೆ, ಕಿತ್ತು ಎಸೆಯುವುದಿಲ್ಲ. ರೈಲಿನ ಹಳೆಯ ಕೈಮರವನ್ನು ನೋಡಿರಬಹುದು. ತಂತಿ ಎಳೆದರೆ ಕೈ ಬಾಗಿ ದಾರಿ ಕೊಡುತ್ತದೆ. ತಂತಿ ತುಂಡಾದರೆ ತಾನಾಗಿಯೇ ಅಡ್ಡಕ್ಕೆ ಬಂದು ರೈಲನ್ನು ನಿಲ್ಲಿಸುತ್ತದೆ. ಯಂತ್ರ ಕೆಟ್ಟರೂ ಜೀವಕ್ಕೆ ಕೇಡಾಗಬಾರದೆಂಬ ಏರ್ಪಾಡು ಅದು. ನಮ್ಮ ನಡೆಗೂ ಅಂಥ ಏರ್ಪಾಡು ಬೇಕು. ಎದುರಿಗೆ ಬಂದವರು ಯಾರೆಂದು ತಿಳಿಯದಿದ್ದಾಗ ನಾಲಿಗೆ ಕುಲ ಕೇಳಬಾರದು. ಕೈಗಳು ತಾವಾಗಿಯೇ ಶರಣಾರ್ಥಿಗೆ ಜೋಡಿಸಬೇಕು.

ಕೊನೆಗೆ ಒಂದು ವಿನಂತಿ. ನಮ್ಮಲ್ಲಿ ನಡೆಯುವ ವಧು-ವರರ ಸಮಾವೇಶಗಳ ಅರ್ಜಿಯಲ್ಲಿ ಒಳಪಂಗಡದ ಕಾಲಂ ಇರುತ್ತದೆ. ಮುಂದಿನ ಸಲ ಅರ್ಜಿ ಅಚ್ಚು ಹಾಕಿಸುವಾಗ ಆ ಒಂದು ಸಾಲನ್ನು ಪೂಜ್ಯರು ತೆಗೆಸಬೇಕು. ಖರ್ಚಿಲ್ಲದ ಕೆಲಸ ಅದು. ಅಲ್ಲಿಂದಾದರೂ ನಮ್ಮ ಕುರುಹು ನಿಜ ಹೇಳಲು ತೊಡಗಲಿ.